ವಾರಿಜಾಕ್ಷಿ ತೊಳೆಯದ ಫೋನು

ಬೆಳ್ಳಾರೆ ಪೇಟೆಯಿಂದ ಎರಡು ಮೈಲು ಒಳಗೆ ಹೋಗಿ ವಾರಿಜಾಕ್ಷಿಯ ಮನೆ ಯಾವುದು ಎಂದು ಯಾರನ್ನು ಕೇಳಿದರೂ, "ಅಂಗಳದ ಕಲ್ಲನ್ನೂ ತೊಳೆದಿಟ್ಟ ಹಾಗೆ ಕಾಣುದುಂಟಲ್ಲ, ಅದೇ ಮನೆ" ಎನ್ನುತ್ತಾರೆ. ಹಾಗೆ ಕಾಣುತ್ತದೆ ಎನ್ನುವುದು ಮರ್ಯಾದೆಯ ಮಾತು. ಕಲ್ಲನ್ನು ಅವಳು ನಿಜವಾಗಿಯೂ ತೊಳೆಯುತ್ತಾಳೆ.

ಗ್ಯಾಸಿನ ಸಿಲಿಂಡರ್ ಬಂದರೆ ಅದಕ್ಕೆ ಅಂಗಳದಲ್ಲೇ ಸ್ನಾನ, ಆಮೇಲೆ ಒಳಗೆ ಪ್ರವೇಶ. ಸುಲಿಯುವ ಮೊದಲು ತೆಂಗಿನಕಾಯಿಗೂ ನೀರು, ಸುಲಿದ ಮೇಲೆ ಇನ್ನೊಮ್ಮೆ ನೀರು. ಉಪ್ಪಿನ ಪ್ಯಾಕೆಟು, ಹಾಲಿನ ಪ್ಯಾಕೆಟು, ಕರುವಿನ ಕೊರಳಿನ ಗಂಟೆ, ಯಾವುದಕ್ಕೂ ವಿನಾಯಿತಿ ಇಲ್ಲ. ಒಮ್ಮೆ ಅವಳ ಗಂಡ ಶೀನಪ್ಪ ಜಡಿಮಳೆಯಲ್ಲಿ ಪೇಟೆಯಿಂದ ನಡೆದು ಬಂದು ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟಿದ್ದ. ಬಟ್ಟೆ ಬದಲಿಸಿ ಬರುವುದರೊಳಗೆ ಅವಳು ಅದಕ್ಕೆ ಸಾಬೂನು ಹಚ್ಚಿ ಉಜ್ಜುತ್ತಿದ್ದಳು.

"ಒಂದು ಗಂಟೆ ಮಳೆಯಲ್ಲಿ ನೆನೆದ ಕೊಡೆಯನ್ನು ಪುನಃ ತೊಳೆಯುದು ಎಂತಕ್ಕೆ ಮಾರಾಯ್ತಿ?" ಎಂದು ಶೀನಪ್ಪ ಕೇಳಿದ.

"ಮಳೆ ತೊಳೆದದ್ದು ಹೊರಗಿನ ಬದಿ ಮಾತ್ರ" ಎಂದಳು ವಾರಿಜಾಕ್ಷಿ.

ಈ ಮಾತನ್ನು ಶೀನಪ್ಪ ಮದುವೆ ಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ, ಸಿಕ್ಕಿದಲ್ಲೆಲ್ಲ ಹೇಳಿ ನಗಿಸಿದ್ದಾನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇವಳದ್ದು ತೊಳೆದರೂ ಹೋಗದ ಗುಣ ಎಂದು ಸೇರಿಸುತ್ತಾನೆ. ವಾರಿಜಾಕ್ಷಿಗೆ ಅದರಿಂದ ಬೇಸರವೇನೂ ಇಲ್ಲ. ಕೊಳೆ ಇಟ್ಟುಕೊಂಡವರು ನಾಚಬೇಕು, ತೊಳೆದವಳು ಯಾಕೆ ನಾಚಬೇಕು ಎನ್ನುವುದು ಅವಳ ಲೆಕ್ಕ. ತೊಳೆದದ್ದನ್ನು ಅವಳು ಮುಚ್ಚಿಡುವುದೂ ಇಲ್ಲ. ಹದಿನೇಳು ವರ್ಷದ ಹಿಂದೆ ಹೊಸ ಮಿಕ್ಸಿಯ ಮೋಟಾರಿನ ಭಾಗವನ್ನು ಬಕೆಟಿನಲ್ಲಿ ಮುಳುಗಿಸಿ ತೊಳೆದು, ಬಿಸಿಲಿಗಿಟ್ಟು, ಬೇಲಿಯ ಆಚೆಯವರಿಗೂ ಕರೆದು ತೋರಿಸಿದ್ದಳು. ಸಂಜೆ ಸ್ವಿಚ್ಚು ಹಾಕಿದಾಗ ಢಂ ಎಂದ ಶಬ್ದಕ್ಕೆ ಅದೇ ಬೇಲಿಯ ಆಚೆಯವರು ಓಡಿ ಬಂದರು. ಗೋಡೆಯ ಮೇಲಿನ ಮಸಿಯನ್ನು ಮರುದಿನ ಅವಳೇ ತೊಳೆದಳು. ಅಂದಿನಿಂದ ಕರೆಂಟಿನ ಸಾಮಾನಿಗೆ ನೀರು ತೋರಿಸುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು, ಹಾಗೆಯೇ ನಡೆದುಕೊಂಡಳು. ಆದರೆ ಊರಿಗೆ ನೆನಪಿರುವುದು ಢಂ ಎಂದದ್ದು ಮಾತ್ರ.

ಊರಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳ ಕೆಲಸ. ಹತ್ತೊಂಬತ್ತು ವರ್ಷ ಆಯಿತು. ಜೊತೆಗೆ ರಮ್ಲತ್ ಇದ್ದಾಳೆ. ಸಾಂಬಾರಿಗೆ ತರಕಾರಿ ತುಂಡು ಮಾಡುವುದು ರಮ್ಲತ್‌ಳ ಪಾಲು, ಅಕ್ಕಿ ಮತ್ತು ಪಾತ್ರೆ ವಾರಿಜಾಕ್ಷಿಯ ಪಾಲು, ಬಡಿಸುವುದು ಇಬ್ಬರ ಪಾಲು. ಅಲ್ಲಿ ಅವಳ ಗುಣಕ್ಕೆ ಬೆಲೆ ಉಂಟು. ಮೇಲಿನವರು ತಪಾಸಣೆಗೆ ಬಂದರೆ ಹೆಡ್‌ಮಿಸ್ ಸತ್ಯವತಿ ಟೀಚರ್ ಮೊದಲು ಕರೆದುಕೊಂಡು ಹೋಗುವುದು ಅಡುಗೆಮನೆಗೆ. ಮಕ್ಕಳ ತಟ್ಟೆಯಲ್ಲಿ ಮುಖ ನೋಡಿ ತಲೆ ಬಾಚಬಹುದು.

ಫೋನಿನ ವಿಚಾರ ಹುಟ್ಟಿದ್ದೂ ಶಾಲೆಯಲ್ಲೇ. ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ ಎಂಬುದನ್ನು ಟೀಚರು ಬೆಳಿಗ್ಗೆ ಒಂಬತ್ತೂವರೆಗೆ ವಾಟ್ಸ್ಯಾಪಿನಲ್ಲಿ ಹಾಕತೊಡಗಿದರು. ಅದಕ್ಕೆ ಸರಿಯಾಗಿ ಅಕ್ಕಿ ಹಾಕಬೇಕು. ವಾರಿಜಾಕ್ಷಿಯದ್ದು ಗುಂಡಿ ಒತ್ತುವ ಹಳೇ ಫೋನು, ಸಂದೇಶ ನೋಡಲು ದಿನಾ ರಮ್ಲತ್‌ಳ ಮುಂದೆ ನಿಲ್ಲಬೇಕು. ನೋಡುವಷ್ಟು ದಿನ ನೋಡಿ, ಮಳೆ ಬಿಟ್ಟು ನವೆಂಬರ್ ಕಳೆಯುತ್ತಿರುವಾಗ, ಒಂದು ಬುಧವಾರ ಸೊಸೆ ಯಶ್ಮಿತಾಳನ್ನು ಕರೆದುಕೊಂಡು ಪುತ್ತೂರಿನ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿಗೆ ಹತ್ತಿರದ ಅಂಗಡಿ. ಮಾಲೀಕ ಪ್ರಸನ್ನನದು ಬೆಣ್ಣೆಯಂಥ ಮಾತು. ತಿಳಿನೀಲಿ ಬಣ್ಣದ ಒಂದು ಫೋನನ್ನು ಯಶ್ಮಿತಾ ಆರಿಸಿದಳು.

"ಬಿಲ್ಲು ಯಾರ ಹೆಸರಿಗೆ ಅಕ್ಕಾ? ಯಜಮಾನರ ಹೆಸರಿಗಾ?" ಎಂದು ಪ್ರಸನ್ನ ಕೇಳಿದ.

ವಾರಿಜಾಕ್ಷಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಜಾಗ ಶೀನಪ್ಪನ ಹೆಸರಿನಲ್ಲಿ, ಕರೆಂಟು ಶೀನಪ್ಪನ ಅಪ್ಪನ ಹೆಸರಿನಲ್ಲಿ, ಬೈಕು ಮಗ ಸಂಪ್ರೀತನ ಹೆಸರಿನಲ್ಲಿ. ಸ್ವಂತ ಸಂಬಳದಲ್ಲಿ ಸ್ವಂತಕ್ಕೆಂದು ಅವಳು ಕೊಂಡ ಮೊದಲ ದೊಡ್ಡ ಸಾಮಾನು ಇದು.

"ನನ್ನ ಹೆಸರಿಗೇ ಬರೆಯಿರಿ. ವಾರಿಜಾಕ್ಷಿ. ಕ್ಷ ಸರಿ ಬರ್ಲಿ" ಎಂದಳು.

ಹೊಸ ಸಾಮಾನು ಮನೆಗೆ ಬಂದರೆ ದೇವರ ಮುಂದಿಟ್ಟು ಬೊಟ್ಟು ಹಾಕದೆ ಉಪಯೋಗಿಸುವ ಕ್ರಮ ಆ ಮನೆಯಲ್ಲಿಲ್ಲ. ಹುಲ್ಲು ಕತ್ತರಿಸುವ ಮಿಷನ್ನಿಗೂ ಹಾಕಿದ್ದಾರೆ, ಪ್ರೆಶರ್ ಕುಕ್ಕರಿಗೂ ಹಾಕಿದ್ದಾರೆ. ಬುಧವಾರ ಸಂಜೆ ವಾರಿಜಾಕ್ಷಿ ಮಣೆಯ ಮೇಲೆ ಬಾಳೆಲೆ ಹಾಸಿ ಫೋನನ್ನು ಇಟ್ಟಳು. ಪಕ್ಕದಲ್ಲಿ ಚಾರ್ಜರು, ವಯರು, ಸಿಮ್ ಕೂರಿಸಲು ಯಶ್ಮಿತಾ ಹೊರಗೆ ತೆಗೆದಿಟ್ಟಿದ್ದ ಉಗುರಿನಷ್ಟೇ ಅಗಲದ ಆ ಚಿಕ್ಕ ತಟ್ಟೆ, ಸಿಮ್ಮು. ಬೇರೆ ದಿನವಾದರೆ ಕುಂಕುಮವನ್ನು ಒಂದು ಹನಿ ನೀರಿನಲ್ಲಿ ಕಲಸಿ ಬೊಟ್ಟು ಹಾಕುವುದು. ಅಂದು ಅವಳು ನೀರಿನ ಲೋಟವನ್ನು ದೇವರಕೋಣೆಯಿಂದಲೇ ಹೊರಗಿಟ್ಟು, ಒಣ ಕುಂಕುಮವನ್ನೇ ಉಂಗುರದ ಬೆರಳಿನಲ್ಲಿ ತೆಗೆದು ಎಲ್ಲದಕ್ಕೂ ಒಂದೊಂದು ಬೊಟ್ಟು ಹಾಕಿದಳು. ಆ ಚಿಕ್ಕ ತಟ್ಟೆಗೂ ಹಾಕಿದಳು. ಯಾವುದನ್ನು ಬಿಟ್ಟರೂ ಬಿಟ್ಟದ್ದೇ ಕೆಡುತ್ತದೆ ಎಂದು ಅವಳ ನಂಬಿಕೆ. ಆಮೇಲೆ ಯಶ್ಮಿತಾ ಸಿಮ್ಮು ಕೂರಿಸಿ ತಟ್ಟೆಯನ್ನು ಒಳಗೆ ದೂಡಿದಳು, ಫೋನು ಬೆಳಗಿತು.

ಗುರುವಾರ ಸುಖವಾಗಿ ಕಳೆಯಿತು. ಶುಕ್ರವಾರ ಬೆಳಿಗ್ಗೆ ಟೀಚರ ಕರೆ ಬಂತು. ಮೂರನೇ ರಿಂಗಿಗೆ ಫೋನು ತನ್ನಷ್ಟಕ್ಕೆ ಆಫ್ ಆಯಿತು. ಪುನಃ ಆನ್ ಮಾಡಿದರೆ ಸರಿ ಇದೆ. ಯಾರಾದರೂ ಕರೆ ಮಾಡಿದರೆ ಮೂರನೇ ರಿಂಗಿಗೆ ಕಣ್ಣು ಮುಚ್ಚುತ್ತದೆ. ಬೆನ್ನು ಮುಟ್ಟಿದರೆ ಕಾವಲಿಯ ಹಾಗೆ ಬಿಸಿ. ಶನಿವಾರ ಮಧ್ಯಾಹ್ನ ಅವಳು ಪುತ್ತೂರಿಗೆ ಹೋದಳು.

"ಹೊಸದಲ್ವಾ ಅಕ್ಕಾ, ಎರಡು ದಿನ ನೋಡಿ, ಸೆಟ್ ಆಗ್ತದೆ" ಎಂದ ಪ್ರಸನ್ನ.

"ಇದೆಂತ ಹೊಸ ಚಪ್ಪಲಿಯಾ, ಕಾಲಿಗೆ ಸೆಟ್ ಆಗ್ಲಿಕ್ಕೆ?" ಎಂದಳು ವಾರಿಜಾಕ್ಷಿ. "ಮೊನ್ನೆ ತಗೊಂಡದ್ದು. ಬೇರೆ ಕೊಡಿ."

ಬೇರೆ ಕೊಡಲು ಆಗುವುದಿಲ್ಲ, ಅದು ಕಂಪೆನಿಯವರ ಜವಾಬ್ದಾರಿ, ಅವರ ಸರ್ವಿಸ್ ಸೆಂಟರು ಮುಂದಿನ ರಸ್ತೆಯ ಮಾಳಿಗೆಯ ಮೇಲುಂಟು ಎಂದು ಪ್ರಸನ್ನ ಕೈ ತೊಳೆದುಕೊಂಡ. ಮಾಳಿಗೆಯವರು ಫೋನು ಇಟ್ಟುಕೊಂಡು ಒಂದು ಚೀಟಿ ಕೊಟ್ಟರು, ಬುಧವಾರ ಬನ್ನಿ ಎಂದರು.

ಬುಧವಾರ ಅಲ್ಲಿನ ರಿಪೇರಿಯವನು ಫೋನಿನ ಸಿಮ್ ತಟ್ಟೆಯನ್ನು ಎಳೆದು, ಆ ಸಂದಿಗೆ ಟಾರ್ಚು ಬಿಟ್ಟು ತೋರಿಸಿದ. "ನೋಡಿ ಅಮ್ಮಾ, ಒಳಗೆ ಒಂದು ಬಿಳಿ ಚುಕ್ಕೆ ಅಂಟಿಸಿರ್ತಾರೆ. ನೀರು ತಾಗಿದರೆ ಅದು ಕೆಂಪಾಗ್ತದೆ. ಇದು ಕೆಂಪಾಗಿದೆ. ನೀರು ಹೋದದ್ದಕ್ಕೆ ವಾರಂಟಿ ಇಲ್ಲ."

ಕನ್ನಡಕ ಮನೆಯಲ್ಲೇ ಉಳಿದಿತ್ತು. ಸಂದಿಯೊಳಗೆ ಏನೋ ಕೆಂಪು ಇರುವುದಷ್ಟೇ ಅವಳಿಗೆ ಕಂಡಿತು. "ಇದಕ್ಕೆ ನೀರು ತಾಗ್ಲೇ ಇಲ್ಲ" ಎಂದಳು. ಎಲ್ಲರೂ ಹಾಗೇ ಹೇಳುವುದು ಎನ್ನುವಂತೆ ಅವನು ನಕ್ಕು, ಅದನ್ನೇ ಚೀಟಿಯಲ್ಲಿ ಬರೆದು ಮೊಹರು ಒತ್ತಿ ಫೋನಿನ ಜೊತೆ ಕೊಟ್ಟ.

ಆ ಚೀಟಿ ಮನೆಯಲ್ಲಿ ಮಾಡಿದ ಅನಾಹುತ ಫೋನು ಕೆಟ್ಟು ಮಾಡಿದ್ದಕ್ಕಿಂತ ದೊಡ್ಡದು. ಸಂಪ್ರೀತ ಗಟ್ಟಿಯಾಗಿ ಓದಿದ, 'ನೀರು ಒಳಗೆ ಹೋಗಿದೆ' ಎನ್ನುವಲ್ಲಿಗೆ ಬರುವಾಗ ನಗು ತಡೆಯಲಾಗದೆ ಕಂಬ ಹಿಡಿದುಕೊಂಡ.

"ಅಮ್ಮ, ಸತ್ಯ ಹೇಳು, ಸಾಬೂನು ಯಾವುದು? ಬಟ್ಟೆಯದ್ದಾ, ಪಾತ್ರೆಯದ್ದಾ?"

"ನಾನು ತೊಳೀಲಿಲ್ಲ."

"ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಒರೆಸಿದಿರಾ ಅತ್ತೆ?" ಎಂದಳು ಯಶ್ಮಿತಾ, ಮೆತ್ತಗೆ.

"ಒಣ ಬಟ್ಟೆ. ಮೈ ಒರೆಸುವ ಬೈರಾಸನ್ನು ಬಿಸಿಲಿಗೆ ಹಾಕಿ, ಅದರಲ್ಲಿ ಒರೆಸಿದ್ದು."

"ಮಿಕ್ಸಿಯ ತಂಗಿ ಇದು" ಎಂದ ಶೀನಪ್ಪ. ಮೂವರೂ ನಕ್ಕರು. ಊಟಕ್ಕೆ ಕುಳಿತಾಗಲೂ ನಕ್ಕರು. ಮೂವತ್ತು ವರ್ಷದಿಂದ ಕೇಳಿದ ನಗುವೇ. ಆದರೆ ಇಷ್ಟು ದಿನ ಅವರು ನಕ್ಕದ್ದು ಅವಳು ಮಾಡಿದ್ದಕ್ಕೆ, ಈಗ ನಗುತ್ತಿರುವುದು ಮಾಡದ್ದಕ್ಕೆ. ವಾರಿಜಾಕ್ಷಿ ಅರ್ಧ ಊಟಕ್ಕೇ ಎದ್ದು ತಟ್ಟೆ ತೊಳೆದಳು. ಫೋನು ಹೋದರೆ ಹೋಗಲಿ, ಇನ್ನೆರಡು ವರ್ಷ ದುಡಿದರೆ ಇನ್ನೊಂದು ಬಂದೀತು. ತೊಳೆದು ಹಾಳು ಮಾಡಿ, ಮೇಲಿಂದ ಸುಳ್ಳು ಹೇಳಿದಳು ಎಂಬ ಹೆಸರು ಬಂದರೆ ಅದನ್ನು ಯಾವ ಅಂಗಡಿಯಲ್ಲಿ ಬದಲಿಸುವುದು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಅವಳ ಅಮ್ಮ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಮರುದಿನ ಶಾಲೆಯಲ್ಲಿ ಬೇಳೆ ಆರಿಸುತ್ತ ರಮ್ಲತ್‌ಗೆ ಎಲ್ಲ ಹೇಳಿದಳು. ರಮ್ಲತ್ ಪೂರ್ತಿ ಕೇಳಿ ಹೇಳಿದಳು: "ನೀವು ತೊಳೆದಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ ವಾರಿಜಕ್ಕ. ತೊಳೆದಿದ್ದರೂ ತೊಳೆದಿರಬಹುದು."

"ನೀನೂ ಹೀಗೆ ಹೇಳ್ತಿಯಲ್ಲ."

"ಪೂರ್ತಿ ಕೇಳಿ. ತಗೊಂಡ ಮೂರು ದಿನಕ್ಕೆ ಹಾಳಾದ ಸಾಮಾನಿಗೆ ಕೇಳುವ ಹಕ್ಕು ನಿಮಗೆ ಉಂಟು. ಬಿಲ್ಲು ಉಂಟಲ್ಲ? ನನ್ನ ತಮ್ಮನ ಫ್ರಿಜ್ಜು ಹಾಳಾದಾಗ ಅವ ಒಂದು ನಂಬ್ರಕ್ಕೆ ಫೋನ್ ಮಾಡಿದ. ಒಂದು ಒಂಬತ್ತು ಒಂದು ಐದು. ಗ್ರಾಹಕರದ್ದು. ಕನ್ನಡದಲ್ಲೇ ಮಾತಾಡ್ತಾರೆ."

ಅಂದು ಸಂಜೆ ಯಶ್ಮಿತಾಳ ಫೋನಿನಿಂದ ಆ ನಂಬ್ರ ಒತ್ತಿದರು. ಯಶ್ಮಿತಾ ಮಾತಾಡಲು ಹೊರಟರೆ ಆ ಕಡೆಯ ಹೆಂಗಸು, "ಬಿಲ್ಲು ಯಾರ ಹೆಸರಿನಲ್ಲಿದೆ? ಅವರೇ ಇದ್ದರೆ ಅವರೇ ಹೇಳಲಿ" ಎಂದಳು. ವಾರಿಜಾಕ್ಷಿ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ಹಿಡಿದಳು. ಬಸ್ಸು ಹತ್ತಿದಲ್ಲಿಂದ ಸುರು ಮಾಡಿ ಹೇಳುತ್ತ ಹೋದಳು. ಆ ಕಡೆಯವಳು ಅವಸರ ಮಾಡಲಿಲ್ಲ, ನಗಲೂ ಇಲ್ಲ. ಕೊನೆಗೆ ಬರೆದುಕೊಂಡದ್ದನ್ನು ಓದಿ ಹೇಳಿದಳು: "ಫೋನಿಗೆ ನೀರು ತಾಗಿಲ್ಲ ಎಂದು ಗ್ರಾಹಕರು ಹೇಳುತ್ತಾರೆ. ಸರಿಯೇ ಅಮ್ಮಾ?"

"ಸರಿ" ಎಂದಳು ವಾರಿಜಾಕ್ಷಿ. ತಾನು ಹೇಳಿದ್ದನ್ನು ಹೇಳಿದ ಹಾಗೆಯೇ ಒಬ್ಬರು ಬರೆದುಕೊಂಡರಲ್ಲ ಎಂದು ಅವಳಿಗೆ ಸಮಾಧಾನ.

ಆಕೆ ಇನ್ನೂ ಕೆಲವು ಮಾತು ತಿಳಿಸಿದಳು. ಮಾರಿದ ಅಂಗಡಿ, ತಯಾರಿಸಿದ ಕಂಪೆನಿ, ಇಬ್ಬರೂ ಉತ್ತರ ಕೊಡಬೇಕಾದವರು. ನಮ್ಮದಲ್ಲ ಎಂದು ಒಬ್ಬರ ಮೇಲೊಬ್ಬರು ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ನೀರು ಹೋಗಿದೆ ಎನ್ನುವವರು ಅದನ್ನು ಸರಿಯಾಗಿ ತೋರಿಸಿಕೊಡಲಿ ಎಂದು ಕೇಳಿ. ಇಬ್ಬರಿಗೂ ಕಾಗದ ಬರೆಯಿರಿ, ಬಿಲ್ಲು ಮತ್ತು ಚೀಟಿಯ ನಕಲು ಜೊತೆಗಿಡಿ, ಮೂಲ ನಿಮ್ಮಲ್ಲೇ ಇರಲಿ. ಆಗದಿದ್ದರೆ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದಕ್ಕೆ ವಕೀಲರೇ ಬೇಕೆಂದಿಲ್ಲ.

ಕಾಗದವನ್ನು ತಾನೇ ಬರೆಯುತ್ತೇನೆ ಎಂದಳು ವಾರಿಜಾಕ್ಷಿ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ, ಆದರೆ ಮುತ್ತು ಪೋಣಿಸಿದ ಹಾಗೆ ಇರುತ್ತದೆ. ತಗೊಂಡ ದಿನ, ಹಾಳಾದ ದಿನ, ಹೋದ ದಿನ, ಅವರು ಹೇಳಿದ್ದು, ಎಲ್ಲ ಬರೆದಳು. ಬೊಟ್ಟು ಹಾಕಿದ್ದನ್ನು ಬರೆಯಲಿಲ್ಲ. ಅದರಲ್ಲಿ ಬರೆಯುವಂಥದ್ದು ಏನಿದೆ ಎಂದು ಅವಳಿಗೆ ಅನ್ನಿಸಿತು, ಹಲ್ಲುಜ್ಜಿದ್ದನ್ನು ಯಾರಾದರೂ ದೂರಿನಲ್ಲಿ ಬರೆಯುತ್ತಾರೆಯೇ? ಕೊನೆಗೆ ಒಂದು ಸಾಲು ಸೇರಿಸಿದಳು. 'ನಾನು ಎಲ್ಲವನ್ನೂ ತೊಳೆಯುವವಳು ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಆದರೆ ಇದನ್ನು ತೊಳೆದಿಲ್ಲ.'

"ಅತ್ತೆ, ಈ ಸಾಲು ಬೇಡ" ಎಂದಳು ಯಶ್ಮಿತಾ. "ಅವರಿಗೆ ನಾವೇ ಕೋಲು ಕೊಟ್ಟ ಹಾಗೆ ಆಗ್ತದೆ."

"ಇದ್ದದ್ದನ್ನು ಬರೆದರೆ ಎಂತ ಆಗ್ತದೆ?" ಎಂದು ಅವಳು ಲಕೋಟೆ ಅಂಟಿಸಿಯೇ ಬಿಟ್ಟಳು. ಎರಡೂ ಕಾಗದ ಬೆಳ್ಳಾರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಹೋದವು.

ಹನ್ನೆರಡು ದಿನ ಕಳೆದ ಮೇಲೆ ಯಶ್ಮಿತಾಳ ಫೋನಿಗೆ ಕರೆ ಬಂತು. ಮಂಗಳೂರಿನಿಂದ ಕಂಪೆನಿಯ ಅಧಿಕಾರಿ ಶನಿವಾರ ಪುತ್ತೂರಿನ ಮಾಳಿಗೆಗೆ ಬರುತ್ತಾರೆ, ಫೋನು ಮತ್ತು ಬಿಲ್ಲು ತನ್ನಿ ಎಂದರು. ಆ ದಿನ ಶೀನಪ್ಪನೂ ಹೊರಟ. ಪುತ್ತೂರಿನಿಂದ ಪಂಪಿನ ವಾಷರ್ ತರಲಿಕ್ಕುಂಟು ಎಂದ. ಪಂಪು ಆರು ತಿಂಗಳಿನಿಂದ ಸೋರುತ್ತಿತ್ತು, ಅವತ್ತೇ ಯಾಕೆ ನೆನಪಾಯಿತು ಎಂದು ವಾರಿಜಾಕ್ಷಿ ಕೇಳಲಿಲ್ಲ. ಈ ಸಲ ಕನ್ನಡಕ ತೆಗೆದುಕೊಂಡೆನೋ ಎಂದು ಎರಡು ಸಲ ಚೀಲ ನೋಡಿಕೊಂಡಳು.

ಮಾಳಿಗೆಯಲ್ಲಿ ಅಧಿಕಾರಿ ಕಿಶನ್ ಮೇಜಿನ ಹಿಂದೆ ಕುಳಿತಿದ್ದ. ಮಗನ ಪ್ರಾಯದವನು, ನಾಲ್ಕು ಒಳ್ಳೆಯ ಮಾತಾಡಿ ಕಳುಹಿಸಿ ಊಟಕ್ಕೆ ಹೋಗುವ ಲಕ್ಷಣ ಮುಖದಲ್ಲಿತ್ತು. ಪಕ್ಕದಲ್ಲಿ ಪ್ರಸನ್ನ, ಆಚೆ ರಿಪೇರಿಯವನು. ಮೇಜಿನ ಮೇಲೆ ವಾರಿಜಾಕ್ಷಿಯ ಕಾಗದ.

"ಅಕ್ಷರ ತುಂಬ ಚೆಂದ ಉಂಟು ಅಮ್ಮ" ಎಂದು ಕಿಶನ್ ಸುರು ಮಾಡಿದ. "ಆದರೆ ನೀವೇ ಬರೆದಿದ್ದೀರಿ, ಎಲ್ಲವನ್ನೂ ತೊಳೆಯುವವಳು ಅಂತ."

"ಹೌದು, ಬರೆದಿದ್ದೇನೆ. ಕೆಳಗಿನ ಸಾಲನ್ನೂ ಓದಿ" ಎಂದಳು.

"ಓದಿದೆ. ನಾನು ನಿಮ್ಮನ್ನು ಸುಳ್ಳುಗಾರ್ತಿ ಅಂತ ಹೇಳುದಿಲ್ಲ. ಅಭ್ಯಾಸ ಇರ್ತದೆ ನೋಡಿ, ಕೈ ತನ್ನಷ್ಟಕ್ಕೆ ಹೋಗ್ತದೆ. ಮತ್ತೆ ನೆನಪೂ ಇರುದಿಲ್ಲ."

ಈ ಮಾತು ಅವಳಿಗೆ ನಾಟಿತು. ಎರಡು ವಾರದಿಂದ ಅವಳೇ ಇದನ್ನು ಒಳಗೊಳಗೆ ಕೇಳಿಕೊಂಡಿದ್ದಳು. ಮನೆಮಂದಿ, ರಮ್ಲತ್, ಮಾಳಿಗೆಯವರು, ಎಲ್ಲರೂ ಒಂದೇ ಹೇಳುವಾಗ ತನ್ನ ಕೈಯ ಮೇಲೆ ತನಗೇ ಸಂಶಯ ಬಂದಿತ್ತು. ನಿದ್ದೆಗಣ್ಣಿನಲ್ಲಿ ಎದ್ದು ತೊಳೆದೆನೋ ಏನೋ.

ಅವಳು ಸುಮ್ಮನಾದದ್ದನ್ನು ಕಂಡು ಕಿಶನ್ ಶೀನಪ್ಪನ ಕಡೆ ತಿರುಗಿದ. "ಯಜಮಾನರೇ, ನೀವು ಹೇಳಿ. ನಮಗಿಂತ ನಿಮಗೆ ಗೊತ್ತು. ತೊಳೆದಿರ್ಲಿಕ್ಕೆ ಸಾಕಲ್ವಾ?"

ಪ್ರಸನ್ನ ಆಗಲೇ ಮುಗುಳ್ನಗುತ್ತಿದ್ದ. ವಾರಿಜಾಕ್ಷಿ ಗಂಡನ ಮುಖ ನೋಡಲಿಲ್ಲ, ನೆಲ ನೋಡಿದಳು. ಕೊಡೆಯ ಕತೆ ಬರುತ್ತದೆ, ಆಮೇಲೆ ಮಿಕ್ಸಿಯದ್ದು, ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಶೀನಪ್ಪ ಕುರ್ಚಿಯಲ್ಲಿ ಸರಿಯಾಗಿ ಕುಳಿತ. "ಸರ್, ಇವಳು ಮಿಕ್ಸಿ ತೊಳೆದಿದ್ದಾಳೆ. ನನ್ನ ವಾಚು ಅಂಗಿಯ ಕಿಸೆಯಲ್ಲಿತ್ತು, ಅಂಗಿಯ ಒಟ್ಟಿಗೆ ಬಿಸಿನೀರಿಗೆ ಹಾಕಿದ್ದಾಳೆ. ಕೊಡೆ ತೊಳೆದಿದ್ದಾಳೆ. ಆದರೆ ತೊಳೆದದ್ದನ್ನು ಒಂದು ದಿನ ಇಲ್ಲ ಅಂತ ಹೇಳಿದವಳಲ್ಲ. ತೊಳೆದರೆ ಊರಿಗೆಲ್ಲ ಡಂಗುರ ಹೊಡೆದೇ ತೊಳೆಯುದು. ಇವಳು ತೊಳೀಲಿಲ್ಲ ಅಂತ ಹೇಳಿದರೆ ತೊಳೀಲಿಲ್ಲ. ಅದರ ಮೇಲೆ ಮಾತಿಲ್ಲ."

ಪ್ರಸನ್ನನ ಮುಗುಳ್ನಗೆ ಅಲ್ಲಿಗೇ ನಿಂತಿತು. ವಾರಿಜಾಕ್ಷಿ ತಲೆ ಎತ್ತಿ ಗಂಡನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ತನ್ನ ಕೈಯ ಮೇಲಿನ ನಂಬಿಕೆ ತಿರುಗಿ ಬಂತು. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು.

"ಆ ಕೆಂಪು ಚುಕ್ಕೆಯನ್ನು ಇನ್ನೊಮ್ಮೆ ತೋರಿಸಿ. ತೋರಿಸಿಕೊಡುದು ನಿಮ್ಮ ಜವಾಬ್ದಾರಿ ಅಂತ ಫೋನಿನಲ್ಲಿ ಅವರು ಹೇಳಿದ್ದಾರೆ" ಎಂದಳು.

ರಿಪೇರಿಯವನು ತಟ್ಟೆ ಎಳೆದು ಟಾರ್ಚು ಬಿಟ್ಟ. ವಾರಿಜಾಕ್ಷಿ ಬಗ್ಗಿ ನೋಡಿದಳು. ಬಿಳಿ ಸೀರೆಯ ಮೇಲೆ, ದೇವರ ಮಣೆಯ ಮೇಲೆ, ಶೀನಪ್ಪನ ಅಂಗಿಯ ಮೇಲೆ ಆ ಕೆಂಪನ್ನು ಎಷ್ಟು ವರ್ಷ ಉಜ್ಜಿ ತೆಗೆದಿಲ್ಲ ಅವಳು. ಜಗತ್ತಿನಲ್ಲಿ ಇನ್ನು ಯಾವುದರ ಗುರುತು ತಪ್ಪಿದರೂ ಕಲೆಯ ಗುರುತು ಅವಳಿಗೆ ತಪ್ಪದು.

"ಇದು ಕುಂಕುಮ" ಎಂದಳು.

"ಎಂತ?"

"ಕುಂಕುಮ. ಹೊಸ ಸಾಮಾನಿಗೆ ಬೊಟ್ಟು ಹಾಕಿದ್ದು. ಆ ತಟ್ಟೆಗೂ ಹಾಕಿದ್ದೆ, ಒಳಗೆ ದೂಡುವಾಗ ಅಂಟಿರ್ಬೇಕು. ನೀರು ಆಗುದಿಲ್ಲ ಅಂತ ಒಣ ಕುಂಕುಮವನ್ನೇ ಹಾಕಿದ್ದು ಮಾರಾಯ್ರೆ. ಒಂದು ಒಣ ಹತ್ತಿ ತಗೊಂಡು ಒರೆಸಿ. ಒದ್ದೆ ಮಾಡ್ಬೇಡಿ, ಮಾಡಿದರೆ ಹರಡ್ತದೆ."

ರಿಪೇರಿಯವನು ಕಿಶನ್‌ನ ಮುಖ ನೋಡಿದ. ಕಿಶನ್ ತಲೆಯಾಡಿಸಿದ. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಸಂದಿಯೊಳಗೆ ಎರಡು ಸುತ್ತು ತಿರುಗಿಸಿ ತೆಗೆದರೆ ಹತ್ತಿ ಕೆಂಪು. ಇನ್ನೊಂದು ಹತ್ತಿ, ಅದು ತಿಳಿಗೆಂಪು. ಮೂರನೆಯದು ಬಿಳಿಯಾಗಿಯೇ ಬಂತು. ಟಾರ್ಚು ಬಿಟ್ಟರೆ ಒಳಗೆ ಚುಕ್ಕೆ ಹೊಸ ಹಲ್ಲಿನ ಹಾಗೆ ಬೆಳ್ಳಗೆ ಕುಳಿತಿತ್ತು.

ಆಮೇಲೆ ಕಿಶನ್‌ಗೆ ನಗು ಬಂತು, ರಿಪೇರಿಯವನು ಕಿವಿ ಕೆಂಪು ಮಾಡಿಕೊಂಡು ಫೋನಿನ ಬೆನ್ನು ಬಿಚ್ಚಿದ. ಒಳಗೆ ಎಲ್ಲಿಯೂ ನೀರಿನ ಸುಳಿವಿಲ್ಲ. ಬ್ಯಾಟರಿ ಕೂರುವ ಜಾಗದ ಬೆಸುಗೆ ಸುರುವಿನಿಂದಲೇ ಸರಿಯಾಗಿ ಹಿಡಿದಿರಲಿಲ್ಲ, ಕರೆ ಬಂದಾಗ ಅದುರಿ ಬಿಡುತ್ತಿತ್ತು.

"ತಯಾರಾಗುವಾಗಲೇ ಆದ ತಪ್ಪು ಅಮ್ಮ. ರಿಪೇರಿ ಮಾಡಿ ಕೊಡ್ತೇವೆ" ಎಂದ ಕಿಶನ್.

"ಹೊಸದಕ್ಕೆ ದುಡ್ಡು ಕೊಟ್ಟವಳು ನಾನು. ಬೆಸುಗೆ ಹಾಕಿದ್ದು ನನಗೆ ಬೇಡ" ಎಂದಳು ವಾರಿಜಾಕ್ಷಿ. ದನಿ ಏರಲಿಲ್ಲ. ನೂರು ಮಕ್ಕಳನ್ನು ಸಾಲಾಗಿ ಕೂರಿಸಿ ಅನ್ನ ಬಡಿಸುವವಳಿಗೆ ದನಿ ಏರಿಸದೆ ಹೇಳಿದ್ದನ್ನು ಕೇಳಿಸುವುದು ಗೊತ್ತಿರುತ್ತದೆ. "ಹೊಸತೇ ಕೊಡಿ. ವಾರಂಟಿಯ ತಾರೀಕೂ ಇವತ್ತಿನಿಂದ ಬರ್ಲಿ. ಮತ್ತೆ ಇನ್ನೊಂದು ಉಂಟು."

"ಇನ್ನೆಂತ ಅಮ್ಮ?"

"ನೀರು ಹೋಗಿದೆ ಅಂತ ಬರೆದು ಮೊಹರು ಒತ್ತಿದ್ದೀರಲ್ಲ ಚೀಟಿಯಲ್ಲಿ? ಹೋಗಿಲ್ಲ ಅಂತಲೂ ಬರೆದು ಮೊಹರು ಒತ್ತಿ ಕೊಡಿ."

ಅದರ ಅಗತ್ಯವಿಲ್ಲ, ಫೋನೇ ಸಿಕ್ಕಿತಲ್ಲ ಎಂದು ಪ್ರಸನ್ನ ಹೇಳಿ ನೋಡಿದ. ಅಗತ್ಯ ಯಾರಿಗೆ ಎಂದು ಅವಳು ಕೇಳಿದಳು. ಕಿಶನ್ ಎರಡು ಫೋನು ಮಾಡಿ ಮಂಗಳೂರಿನವರ ಒಪ್ಪಿಗೆ ಪಡೆದ. ಪ್ರಸನ್ನ ಅಂಗಡಿಯಿಂದ ಅದೇ ತಿಳಿನೀಲಿ ಬಣ್ಣದ ಹೊಸ ಪೆಟ್ಟಿಗೆ ತಂದ, ಹೊಸ ಬಿಲ್ಲಿನಲ್ಲಿ ಕ್ಷ ಸರಿಯಾಗಿ ಬರೆದ. 'ನೀರು ತಗುಲಿರುವುದಿಲ್ಲ, ತಯಾರಿಕೆಯ ದೋಷ' ಎಂದು ರಿಪೇರಿಯವನು ಬರೆದುಕೊಟ್ಟ. ವಾರಿಜಾಕ್ಷಿ ಅದನ್ನು ಕನ್ನಡಕದಲ್ಲಿ ಎರಡು ಸಲ ಓದಿ ನಾಲ್ಕಾಗಿ ಮಡಚಿದಳು.

ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ವಾಷರ್ ತರುವುದು ಮರೆತೇ ಹೋಗಿತ್ತು. ಕಂಡಕ್ಟರು ಟಿಕೆಟು ಕೊಟ್ಟು ಮುಂದೆ ಹೋದ ಮೇಲೆ ವಾರಿಜಾಕ್ಷಿ ಕೇಳಿದಳು.

"ಕುಂಕುಮ ಅಂತ ಗೊತ್ತಾಗುವ ಮೊದಲೇ ಹೇಳಿದ್ರಲ್ಲ ನೀವು. ನಿಜವಾಗಿ ನಂಬಿಕೆ ಇತ್ತಾ, ಅಥವಾ ಹೆಂಡತಿ ಅಂತ ಹೇಳಿದ್ದಾ?"

"ನಿನ್ನ ತೊಳೆಯುವ ಹುಚ್ಚಿಗೆ ಮೂವತ್ತು ವರ್ಷ ನಗಾಡಿದ್ದೇನೆ" ಎಂದ ಶೀನಪ್ಪ. "ನೀನು ಸುಳ್ಳು ಹೇಳಿದಿ ಅಂತ ಒಂದು ದಿನ ನಗಾಡ್ಲಿಲ್ಲ. ಅಂಥ ದಿನ ಬರ್ಲಿಲ್ಲ."

"ಹಾಗಾದರೆ ಅವತ್ತು ಮನೆಯಲ್ಲಿ ಯಾಕೆ ಹೇಳ್ಲಿಲ್ಲ? ಮಕ್ಕಳು ನಗುವಾಗ ನೀವೂ ನಕ್ಕಿರಿ. ನನಗೆ ಎಷ್ಟು ಬೇಸರ ಆಯಿತು ಗೊತ್ತುಂಟಾ?"

ತಮಾಷೆಯಾಗಿ ಏನಾದರೂ ಹೇಳಿ ಜಾರಿಕೊಳ್ಳುವುದು ಶೀನಪ್ಪನಿಗೆ ಕಷ್ಟವಲ್ಲ, ಆದರೆ ಈ ಸಲ ಅವನು ಹಾಗೆ ಮಾಡಲಿಲ್ಲ. "ಹೇಳ್ಬೇಕಿತ್ತು" ಎಂದ. "ನಗಾಡಿ ನಗಾಡಿ ಅಭ್ಯಾಸ ಆಯಿತು. ತಪ್ಪಾಯಿತು."

ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಮುನಿಸಲ್ಲ, ಮನಸ್ಸು ತುಂಬಿತ್ತು. ಮದುವೆಯಾದ ಮೇಲೆ ಆ ಬಾಯಿಂದ ತಪ್ಪಾಯಿತು ಎಂಬ ಮಾತು ಕೇಳಿದ್ದು ಇದೇ ಮೊದಲು.

ಮನೆ ಮುಟ್ಟುವಾಗ ಸಂಪ್ರೀತ ಕೆಲಸದಿಂದ ಬಂದು ಜಗಲಿಯಲ್ಲಿ ಕುಳಿತಿದ್ದ. ವಾರಿಜಾಕ್ಷಿ ಕೈಕಾಲು ತೊಳೆದು, ಪೆಟ್ಟಿಗೆಯನ್ನೂ ಚೀಟಿಯನ್ನೂ ಯಶ್ಮಿತಾಳ ಕೈಗೆ ಕೊಟ್ಟು, ರಾತ್ರಿಯ ಅಡುಗೆಗೆಂದು ಒಳಗೆ ಹೋದಳು. ಅಕ್ಕಿಯನ್ನು ಪಾತ್ರೆಗೆ ಸುರಿದು ನಳ್ಳಿ ತಿರುಗಿಸಿದಳು. ಹೊರಗೆ ಮಗನ ದನಿ ಕೇಳಿಸಿತು.

"ಹೊಸತೇ ಸಿಕ್ಕಿತಲ್ಲ. ಇದಕ್ಕೆ ಯಾವ ಸಾಬೂನು ಅಂತೆ ಅಮ್ಮನದ್ದು?"

ಯಶ್ಮಿತಾ ನಗಲು ಸುರು ಮಾಡಿದ್ದಳು. ಅದರ ಮೇಲೆ ಶೀನಪ್ಪ ಹೇಳಿದ: "ಸಾಕು ಸಂಪ್ರೀತ. ಆ ಚೀಟಿ ಓದು, ಅವತ್ತು ಓದಿದ ಹಾಗೆ ಗಟ್ಟಿಯಾಗಿ ಓದು. ಅಮ್ಮ ತೊಳೀಲಿಲ್ಲ. ತೊಳೀಲಿಲ್ಲ ಅಂತ ಮೊದಲ ದಿನವೇ ಹೇಳಿದ್ದಾಳೆ. ಚೀಟಿ ಬರುವವರೆಗೆ ನಾವು ಕಾಯ್ಬಾರದಿತ್ತು. ಅದು ನಮ್ಮ ತಪ್ಪು, ಎಲ್ಲರಿಗಿಂತ ಹೆಚ್ಚು ನನ್ನ ತಪ್ಪು."

ಜಗಲಿಯಲ್ಲಿ ನಗು ನಿಂತಿತು. ಮಗ ತಗ್ಗಿದ ದನಿಯಲ್ಲಿ ಚೀಟಿ ಓದುತ್ತಿರುವುದು ಕೇಳಿಸಿತು. ವಾರಿಜಾಕ್ಷಿ ಅಕ್ಕಿಯೊಳಗಿನ ಕೈಯನ್ನು ಆಡಿಸದೆ ನಿಂತಿದ್ದಳು. ಪಾತ್ರೆ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ನಳ್ಳಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ಎಂತ ಹೇಳಿದ್ರಿ ನೀವು?" ಎಂದು ಗಂಡನನ್ನು ಕೇಳಿದಳು. "ನಳ್ಳಿಯ ಶಬ್ದಕ್ಕೆ ಕೇಳ್ಲಿಲ್ಲ. ಇನ್ನೊಂದು ಸಲ ಹೇಳಿ."

ಎಲ್ಲ ಕೇಳಿಸಿಕೊಂಡೇ ಬಂದಿದ್ದಾಳೆ ಎಂದು ಶೀನಪ್ಪನಿಗೆ ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಅವನು ಕುಳಿತಲ್ಲಿಂದ ಎದ್ದು, ಮಗ ಸೊಸೆಯರ ಮುಂದೆ, ಮೊದಲಿನಿಂದ ಕೊನೆಯವರೆಗೆ ಇನ್ನೊಂದು ಸಲ ಹೇಳಿದ.